ಬಾಗಿಲು ತಟ್ಟದ ಸವಾರರು

1904ರಲ್ಲಿ ಲಂಡನ್ನಿನಲ್ಲಿ ಪ್ರಕಟವಾದ ‘ಥ್ರೂ ಟೌನ್ ಅಂಡ್ ಜಂಗಲ್’ ಎಂಬ ಪ್ರವಾಸ ಕಥನಕ್ಕೆ ಒಂದು ಉದ್ದನೆಯ ಉಪಶೀರ್ಷಿಕೆಯಿದೆ. ಹಿಂದೂಸ್ತಾನದ ಬಯಲಿನ ದೇಗುಲಗಳ ಮತ್ತು ಜನರ ನಡುವೆ 14,000 ಮೈಲಿ ಸೈಕಲ್ ಸವಾರಿ ಎಂಬುದು ಅದರ ಅರ್ಥ. ಬರೆದವರು ಅಮೆರಿಕದ ದಂಪತಿ, ವಿಲಿಯಂ ಹಂಟರ್ ವರ್ಕ್‌ಮನ್ ಮತ್ತು ಫ್ಯಾನಿ ಬುಲಕ್ ವರ್ಕ್‌ಮನ್. ದೇಗುಲಗಳ ವಿಷಯದಲ್ಲಿ ಕೊಟ್ಟ ಮಾತನ್ನು ಪುಸ್ತಕ ಚೆನ್ನಾಗಿಯೇ ಉಳಿಸಿಕೊಂಡಿದೆ. ಜನರ ವಿಷಯದಲ್ಲಿ ಹಾಗೆ ಹೇಳಲಾಗದು. ಇಷ್ಟು ದೂರ, ಅದೂ ಸೈಕಲ್ಲಿನ ಮೇಲೆ ಹೋದವರಿಗೆ ಜನ ಯಾಕೆ ಸಿಗಲಿಲ್ಲ?

ಈ ಪ್ರಶ್ನೆ ನನ್ನನ್ನು ಕಾಡಲು ಸೈಕಲ್ಲೇ ಕಾರಣ. ರೈಲಿನಲ್ಲಿ ಹೋದವರಿಗೆ ಹಳ್ಳಿ ಕಿಟಕಿಯಾಚೆ ಓಡುವ ಚಿತ್ರ. ಆನೆಯ ಮೇಲೆ, ಪಲ್ಲಕ್ಕಿಯಲ್ಲಿ ಹೋದ ಸಾಹೇಬರಿಗೆ ಅದು ಕೆಳಗಿನಿಂದ ಸಲಾಮು ಹೊಡೆಯುವ ಗುಂಪು. ಆದರೆ ಸೈಕಲ್ ಸವಾರನ ಕಣ್ಣು ಹೆಚ್ಚುಕಡಿಮೆ ನಡೆದುಹೋಗುವವನ ಕಣ್ಣಿನ ಎತ್ತರದಲ್ಲೇ ಇರುತ್ತದೆ. ಏರು ಬಂದರೆ ಇಳಿದು ತಳ್ಳಬೇಕು. ಸಗಣಿಯ ವಾಸನೆ, ಬೆಲ್ಲದ ಆಲೆಮನೆಯ ಹೊಗೆ, ನಾಯಿಯ ಬೊಗಳು, ಯಾವುದನ್ನೂ ತಪ್ಪಿಸಿಕೊಳ್ಳಲಾಗದು. ಇಂಥ ವಾಹನದ ಮೇಲೆ ಕೂತವರ ಬರವಣಿಗೆ ಬೇರೆಯಾಗಿರಬೇಕಿತ್ತು ಎಂದು ಓದುಗ ಬಯಸಿದರೆ ತಪ್ಪಲ್ಲ.

ವರ್ಕ್‌ಮನ್ ದಂಪತಿ ಸಾಮಾನ್ಯರಲ್ಲ. ಫ್ಯಾನಿ (1859–1925) ಮ್ಯಾಸಚೂಸೆಟ್ಸ್ ರಾಜ್ಯದ ಗವರ್ನರಾಗಿದ್ದವರ ಮಗಳು, ಪ್ಯಾರಿಸ್ ಮತ್ತು ಡ್ರೆಸ್ಡೆನ್‌ನಲ್ಲಿ ಓದಿದವಳು. ಆಕೆಗಿಂತ 12 ವರ್ಷ ದೊಡ್ಡವನಾದ ವಿಲಿಯಂ ವೈದ್ಯ. ಆರೋಗ್ಯ ಕೆಟ್ಟಿತೆಂದು 1888ರಲ್ಲಿ ವೃತ್ತಿ ಬಿಟ್ಟ. ಹಣಕ್ಕೆ ಕೊರತೆಯಿರಲಿಲ್ಲ. ಮಕ್ಕಳನ್ನು ದಾದಿಯರ ಕೈಗೆ ಒಪ್ಪಿಸಿ ಇಬ್ಬರೂ ಊರೂರು ತಿರುಗಿದರು. ಆರೋಗ್ಯ ಕೆಟ್ಟವನು ಆಮೇಲೆ ಸಾವಿರಾರು ಮೈಲಿ ಸೈಕಲ್ ತುಳಿದು, ಹಿಮಾಲಯ ಹತ್ತಿ, 90 ವರ್ಷ ದಾಟುವವರೆಗೆ ಬದುಕಿದ್ದು ವೈದ್ಯಶಾಸ್ತ್ರಕ್ಕೆ ಬಿಟ್ಟ ವಿಷಯ. ಎರಡೂ ಗಾಲಿ ಸಮನಾಗಿರುವ ರೋವರ್ ಸೈಕಲ್ ಬಂದದ್ದು 1885ರಲ್ಲಿ, ಡನ್‌ಲಪ್‌ನ ಗಾಳಿ ತುಂಬುವ ಟೈರು 1888ರಲ್ಲಿ. ಹೆಂಗಸರೂ ದೂರದ ದಾರಿ ತುಳಿಯಲು ಸಾಧ್ಯವಾದದ್ದು ಇವೆರಡರ ಬಳಿಕ. ವರ್ಕ್‌ಮನ್ನರು ಮೊದಲು ಯುರೋಪು, ಆಮೇಲೆ ಅಲ್ಜೀರಿಯ ಸುತ್ತಿದರು. 1895ರಲ್ಲಿ ಸ್ಪೇನಿನ 2,800 ಮೈಲಿಯನ್ನು ದಿನಕ್ಕೆ ಸರಾಸರಿ 45ರಂತೆ, ಕೆಲವು ದಿನ 80ರವರೆಗೂ ತುಳಿದರು. 1897ರ ಬಳಿಕ ಸಿಲೋನ್, ಜಾವಾ, ಹಿಂದೂಸ್ತಾನ.

ಹಿಂದೂಸ್ತಾನದಲ್ಲಿ ಅವರ ಒಂದು ದಿನ ಹೇಗಿರುತ್ತಿತ್ತು ಎಂಬುದನ್ನು ಅವರ ಸಾಮಾನಿನ ಪಟ್ಟಿಯೇ ಹೇಳುತ್ತದೆ. ಚಹಾಪುಡಿ, ಸಕ್ಕರೆ, ಬಿಸ್ಕತ್ತು, ಚೀಸ್, ಡಬ್ಬಿಯ ಮಾಂಸ, ನೀರು. ತಲೆದಿಂಬು, ಒಬ್ಬೊಬ್ಬರಿಗೆ ಒಂದೊಂದು ಕಂಬಳಿ. ಬರೆಯುವ ಸಾಮಗ್ರಿ, ಔಷಧಿ, ಪಂಕ್ಚರ್ ತಿದ್ದುವ ಸಾಮಾನು. ಆಹಾರ ಸಿಗದೆ ಹೋದೀತೆಂದು ದಾರಿಯನ್ನು ಆದಷ್ಟೂ ರೈಲು ಹಳಿಯ ಪಕ್ಕದಲ್ಲೇ ಇಟ್ಟುಕೊಂಡರು. ಎಷ್ಟೋ ರಾತ್ರಿ ಮಲಗಿದ್ದು ಸ್ಟೇಷನ್ನಿನ ವೇಟಿಂಗ್ ರೂಮಿನಲ್ಲಿ. ಸೊಳ್ಳೆ, ಇಲಿ, ಬಿಸಿಲು. ದಿನವೊಂದಕ್ಕೆ 40ರವರೆಗೆ ಪಂಕ್ಚರ್ ಆದದ್ದೂ ಉಂಟು. ಒಂದೇ ಒಂದು ಪಂಕ್ಚರಿಗೆ ಸೈಕಲ್ ತಳ್ಳಿಕೊಂಡು ಮನೆಗೆ ಬಂದು ಪಂಪನ್ನು ಒದ್ದವನು ನಾನು. ಆ ಇಬ್ಬರ ಛಲಕ್ಕೆ ಇಲ್ಲಿ ತಲೆಬಾಗದೆ ಇರಲಾರೆ.

ಆದರೆ ಪಟ್ಟಿಯನ್ನು ಇನ್ನೊಮ್ಮೆ ನೋಡಿ. ಅದರಲ್ಲಿ ನೀರೂ ಇದೆ. ಯಾರ ಮನೆಯ ಬಾಗಿಲನ್ನೂ ತಟ್ಟಬೇಕಾದ ಪ್ರಸಂಗ ಬರದಂತೆ ಕಟ್ಟಿಕೊಂಡ ಗಂಟು ಅದು. ಹಳ್ಳಿ ಅವರ ದಾರಿಯಲ್ಲಿತ್ತು, ಆದರೆ ಹಳ್ಳಿಯಿಂದ ಅವರಿಗೆ ಏನೂ ಬೇಕಿರಲಿಲ್ಲ. ಬೇಕಾದದ್ದು ಪ್ರಾಚೀನ ವಾಸ್ತುಶಿಲ್ಪ. ಅದಕ್ಕಾಗಿ ಜಾತಕ ಕಥೆಗಳನ್ನು, ರಾಮಾಯಣ ಮಹಾಭಾರತಗಳನ್ನು ಓದಿ ತಯಾರಾಗಿದ್ದರು. ಆ ಕಾಲದ ಬಿಳಿಯ ಪ್ರವಾಸಿಗಳಲ್ಲಿ ಇಷ್ಟು ಓದಿ ಬಂದವರು ವಿರಳ, ಆ ಗೌರವ ಸಲ್ಲಬೇಕು. ಅವರು ಪುಸ್ತಕದಲ್ಲಿ ಕಂಡ ಭಾರತವನ್ನು ಕಲ್ಲಿನಲ್ಲಿ ಹುಡುಕಿದರು, ಸಿಕ್ಕಿತು. ಅವರು ಉಪಖಂಡದಲ್ಲಿದ್ದ ವರ್ಷಗಳೋ ಸಾಮಾನ್ಯ ವರ್ಷಗಳಲ್ಲ. 1896ರಲ್ಲಿ ಮುಂಬಯಿಗೆ ಬಂದ ಪ್ಲೇಗು 1898ರಲ್ಲಿ ಬೆಂಗಳೂರು ತಲುಪಿತು. 1896–97ರ ಬರದಿಂದ ಜನ ಚೇತರಿಸಿಕೊಳ್ಳುವ ಮೊದಲೇ 1899–1900ರ ಘೋರ ಬರ ಬಂತು. ಆ ದಿನಗಳಲ್ಲಿ ಒಂದು ಹಳ್ಳಿಯ ಒಲೆಯ ಮೇಲೆ ಏನಿತ್ತು, ಏನಿರಲಿಲ್ಲ ಎಂಬುದು ಒಳಗೆ ಕಾಲಿಟ್ಟವರಿಗೆ ಮಾತ್ರ ತಿಳಿಯುವ ಸಂಗತಿ.

ಇಲ್ಲಿ ನಾನು ಇನ್ನೊಂದು ಜೋಡಿಯನ್ನು ತರಬೇಕಾಗಿದೆ. ಅವರು ಯಾವ ಪುಸ್ತಕದಲ್ಲೂ ಇಲ್ಲ. ನಮ್ಮ ಅಪ್ಪ ಅವ್ವ ಪಿಂಜಾರರು. ಸುಗ್ಗಿ ಮುಗಿದು ಮದುವೆಯ ಕಾಲ ಹತ್ತಿರವಾದಾಗ ಚಿತ್ರದುರ್ಗ ಸೀಮೆಯ ಹಳ್ಳಿಗಳಲ್ಲಿ ಹತ್ತಿ ಹಿಂಜಿ ಗಾದಿ ಹೊಲಿಯಲು ಹೊರಡುತ್ತಿದ್ದರು. ಹಿಂಜುವ ಬಿಲ್ಲನ್ನು ಸೈಕಲ್ಲಿನ ಬಾರಿಗೆ ಉದ್ದಕ್ಕೆ ಕಟ್ಟಿ, ಕೊಡತಿಯನ್ನು ಹ್ಯಾಂಡಲಿಗೆ ತೂಗುಹಾಕಿ ಅಪ್ಪ ತುಳಿಯುವನು. ಅವ್ವ ಹಿಂದಿನ ಕ್ಯಾರಿಯರಿನ ಮೇಲೆ, ಚಕ್ರಕ್ಕೆ ಸಿಗದಂತೆ ಸೆರಗು ಸುತ್ತಿಕೊಂಡು, ದಬ್ಬಳದ ಗಂಟನ್ನು ಮಡಿಲಲ್ಲಿಟ್ಟುಕೊಂಡು. ಬೆಳಿಗ್ಗೆ ಬಿಟ್ಟರೆ ಕತ್ತಲಾಗುವ ಹೊತ್ತಿಗೆ ಮೂವತ್ತು ಮೈಲಿ ಸುತ್ತಿದ ದಿನಗಳುಂಟು. ರೊಟ್ಟಿಯ ಬುತ್ತಿ ಇರುತ್ತಿತ್ತು, ನೀರು ಇರುತ್ತಿರಲಿಲ್ಲ. ಕೇಳಿ ಕುಡಿಯಬೇಕು. ಕೆಲವು ಮನೆಗಳಲ್ಲಿ ಚೊಂಬು ಕೈಗೆ ಬರುತ್ತಿತ್ತು, ಕೆಲವು ಮನೆಗಳಲ್ಲಿ ಬೊಗಸೆಗೆ ಮೇಲಿನಿಂದ ಹೊಯ್ಯುತ್ತಿದ್ದರು. ಎರಡನ್ನೂ ಅವ್ವ ಒಂದೇ ದನಿಯಲ್ಲಿ ಹೇಳುತ್ತಿದ್ದಳು. ಹಳೆಯ ಗಾದಿಯನ್ನು ಬಿಚ್ಚಿದವರಿಗೆ ಒಂದು ಮನೆಯ ಬದುಕು ತಿಳಿದುಹೋಗುತ್ತದೆ. ಯಾರು ಕಾಯಿಲೆ ಮಲಗಿದ್ದರು, ಯಾವ ಸೊಸೆ ಬಾಣಂತನಕ್ಕೆ ತವರಿಗೆ ಹೋಗಲಿಲ್ಲ, ಎಲ್ಲವೂ. ಅವ್ವನಿಗೆ ಸುತ್ತಲ ಊರುಗಳ ಒಂದು ಗುಡಿಯ ಇತಿಹಾಸವೂ ಗೊತ್ತಿರಲಿಲ್ಲ. ಆದರೆ ಅವಳಿಗೆ ಗೊತ್ತಿದ್ದದ್ದು 14,000 ಮೈಲಿಯ ಪುಸ್ತಕದಲ್ಲಿ ಇಲ್ಲ.

ಬಡವರ ಸೈಕಲ್ ಪವಿತ್ರ, ಸಿರಿವಂತರದು ಪಾಪ ಎಂದು ನಾನು ಹೇಳುತ್ತಿಲ್ಲ. ಬೇಡಿ ಕುಡಿಯುವುದರಲ್ಲಿ ಅವಮಾನವಿತ್ತು, ಅದನ್ನು ಹಾಡಿ ಹೊಗಳುವವರು ಬೊಗಸೆಯೊಡ್ಡಿ ನೋಡಲಿ. ಹೇಳಬೇಕಾದದ್ದು ಪ್ರವಾಸ ಸಾಹಿತ್ಯವನ್ನು ಓದುವ ಒಂದು ದಾರಿಯ ಬಗ್ಗೆ. ಪ್ರವಾಸಿ ಏನು ಕಂಡ ಎಂದು ಕೇಳುವ ಮೊದಲು, ಅವನಿಗೆ ದಾರಿಯ ಜನರಿಂದ ಏನು ಬೇಕಿತ್ತು ಎಂದು ಕೇಳಬೇಕು. ಏನೂ ಬೇಡದವನ ಕಣ್ಣಿಗೆ ಜನ ಹಿನ್ನೆಲೆಯಾಗಿ ನಿಂತುಬಿಡುತ್ತಾರೆ.

ಇದೇ ಕಣ್ಣಿನಿಂದ ಅವರ ಮೊದಲ ಸೈಕಲ್ ಕಥನ ‘ಅಲ್ಜೀರಿಯನ್ ಮೆಮೊರೀಸ್’ (1895) ನೋಡಬಹುದು. ಅಟ್ಲಾಸ್ ಪರ್ವತ ದಾಟಿ ಸಹಾರದ ಅಂಚಿನವರೆಗೆ ಹೋದ ಕಥೆ. ಮುಸ್ಲಿಂ ಓದುಗರಿಗೆ ಈ ಪುಸ್ತಕ ಸುಲಭವಾಗಿ ಗಂಟಲಲ್ಲಿ ಇಳಿಯುವುದಿಲ್ಲ. ಗ್ರಾಮಾಂತರದ ಚೆಲುವು, ಬೆಟ್ಟದ ಬೆಳಕು, ಇವುಗಳ ಬಗ್ಗೆ ಮನಸೋತ ವರ್ಣನೆಯಿದೆ. ನಗರಗಳ ದುಃಸ್ಥಿತಿಯ ಬಗ್ಗೆ ಲೇಖಕಿ ಬಾಯಿಬಿಡುವುದಿಲ್ಲ. ಫ್ರೆಂಚರು ಅಲ್ಜೀರಿಯಕ್ಕೆ ಕಾಲಿಟ್ಟದ್ದು 1830ರಲ್ಲಿ. 1871ರ ಮುಕ್ರಾನಿ ದಂಗೆಯನ್ನು ತುಳಿದು ಕಬೀಲಿಯಾದ ರೈತರ ಭೂಮಿಯನ್ನು ಕಸಿದರು. 1881ರಿಂದ ದೇಶದ ಜನರಿಗೇ ಬೇರೆ, ಕಠೋರ ಕಾನೂನು. ಗಾಳಿಯ ಟೈರಿನ ಸೈಕಲ್ ಬೆಟ್ಟದ ಮೇಲೆ ಸಲೀಸಾಗಿ ಓಡಿದ್ದು ಆ ಆಳ್ವಿಕೆ ಹಾಕಿದ ದಾರಿಗಳಲ್ಲಿ. ಸವಾರರ ಬಳಿ ನಾಯಿಗಳನ್ನು ಓಡಿಸಲು ಚಾಟಿಯಿತ್ತು, ರಿವಾಲ್ವರೂ ಇತ್ತು. ರಿವಾಲ್ವರ್ ಇಟ್ಟುಕೊಂಡವನಿಗೆ ಎದುರಿಗೆ ಬರುವವನ ಮುಖ ಹೇಗೆ ಕಂಡೀತು? ಎದುರಿಗೆ ಬರುವವನಿಗೆ ಇವರು ಹೇಗೆ ಕಂಡಾರು?

ಆದರೂ ಈ ಪುಸ್ತಕದಲ್ಲಿ ಫ್ಯಾನಿ ಒಂದು ಕಡೆ ನಿಲ್ಲುತ್ತಾಳೆ. ಅಲ್ಜೀರಿಯದ ಹೆಂಗಸರನ್ನು ಕಡೆಗಣಿಸಿ ಹಿಂಸಿಸುವುದನ್ನು ಆಕೆ ಮುಚ್ಚಿಡುವುದಿಲ್ಲ. ಇದನ್ನು ಓದಿದಾಗ ನಮ್ಮವರಲ್ಲಿ ಒಂದು ಮಾತು ಥಟ್ಟನೆ ಹುಟ್ಟುತ್ತದೆ. ಇದು ವಸಾಹತುಶಾಹಿ ನೋಟ, ಪಾಶ್ಚಾತ್ಯ ಪೂರ್ವಾಗ್ರಹ, ಇಷ್ಟಕ್ಕೇ ಮುಗಿಯಿತು. ನಾನೂ ಹಿಂದೊಮ್ಮೆ ಹೀಗೆ ಬರೆದು ಚಪ್ಪಾಳೆ ಗಿಟ್ಟಿಸಿದ್ದುಂಟು. ಈಗ ಅದು ಸಾಲದೆನಿಸುತ್ತದೆ. ಹೊರಗಿನವಳು ಹೇಳಿದಳೆಂಬ ಕಾರಣಕ್ಕೆ ಹೆಣ್ಣಿನ ನೋವು ಸುಳ್ಳಾಗುವುದಿಲ್ಲ. ವಸಾಹತುಶಾಹಿಯನ್ನು ಬಯ್ಯುವ ಉತ್ಸಾಹದಲ್ಲಿ ನಮ್ಮ ಮನೆಯ ಹಿತ್ತಿಲನ್ನು ಮರೆಸಿಬಿಡುವ ಚಾಳಿ ನಮ್ಮ ವಿಮರ್ಶೆಗಿದೆ.

ಫ್ಯಾನಿಯ ಕೊರತೆ ಬೇರೆ ಕಡೆ ಇದೆ. ಗಂಡನಿಗೆ ತೆರೆಯದ ಒಳಮನೆಯ ಬಾಗಿಲು ಹೆಣ್ಣಾದ ಆಕೆಗೆ ತೆರೆಯಬಹುದಿತ್ತು. ಆದರೆ ಆಕೆ ಕಲಿತ ಭಾಷೆಗಳು ಫ್ರೆಂಚ್ ಮತ್ತು ಜರ್ಮನ್. ಅಲ್ಜೀರಿಯವನ್ನು ಆಳುವವರ ಜೊತೆ ಮಾತಾಡಬಹುದಿತ್ತು, ಅಲ್ಲಿನ ಹೆಂಗಸರ ಜೊತೆಯಲ್ಲ. ಹಾಗಾಗಿ ಅವರ ದುಃಖವನ್ನು ಆಕೆ ಕಂಡಳು, ಅವರ ಮಾತನ್ನು ಕೇಳಲಿಲ್ಲ. ಇನ್ನೊಂದು ವಿಪರ್ಯಾಸವೂ ಇದೆ. ಆ ಹೊತ್ತಿನಲ್ಲಿ ಆಕೆಗೂ ತನ್ನ ನಾಡಿನಲ್ಲಿ ಮತದ ಹಕ್ಕು ಇರಲಿಲ್ಲ. 1912ರಲ್ಲಿ ಸಿಯಾಚಿನ್ ಹಿಮನದಿಯ ಎತ್ತರದಲ್ಲಿ ಮಹಿಳೆಯರಿಗೆ ಮತ ಬೇಕೆಂಬ ಪತ್ರಿಕೆಯನ್ನು ಹಿಡಿದು ಆಕೆ ನಿಂತ ಫೋಟೋ ಪ್ರಸಿದ್ಧ. ಅಮೆರಿಕದ ಸಂವಿಧಾನ ಆ ಹಕ್ಕನ್ನು ಒಪ್ಪಿದ್ದು 1920ರಲ್ಲಿ. ತನ್ನ ಬಿಡುಗಡೆಗೆ ಇಷ್ಟು ಎತ್ತರ ಹತ್ತಿದವಳು ಅಟ್ಲಾಸ್ ತಪ್ಪಲಿನ ಹೆಂಗಸರಲ್ಲಿ ತನ್ನಂಥ ಹಟ ಇದ್ದೀತೆಂದು ಊಹಿಸಿದ್ದಳೇ? ಪುಸ್ತಕದಲ್ಲಿ ಅವರು ಮರುಕಕ್ಕೆ ತಕ್ಕವರಾಗಿಯೇ ಉಳಿಯುತ್ತಾರೆ.

ಸೈಕಲ್ ಹೆಣ್ಣನ್ನು ಬಿಡಿಸುತ್ತದೆ ಎಂಬ ಆಕೆಯ ಕಾಲದ ನಂಬಿಕೆ ಮಾತ್ರ ಪೊಳ್ಳಲ್ಲ. ಸುಮಾರು ನೂರು ವರ್ಷಗಳ ನಂತರ ನಮ್ಮ ಪಕ್ಕದ ತಮಿಳುನಾಡಿನ ಪುದುಕ್ಕೋಟೈ ಜಿಲ್ಲೆಯಲ್ಲಿ ಅದು ನಿಜವಾಯಿತು. 1990ರ ದಶಕದ ಆರಂಭದ ಸಾಕ್ಷರತಾ ಆಂದೋಲನದಲ್ಲಿ ಅಕ್ಷರದ ಜೊತೆ ಸೈಕಲ್ಲನ್ನೂ ಕಲಿಸಲಾಯಿತು. ಜಿಲ್ಲಾಧಿಕಾರಿಯಾಗಿದ್ದವರು ಶೀಲಾ ರಾಣಿ ಚುಂಕತ್. ಕೃಷಿ ಕೂಲಿಗಳು, ಕಲ್ಲು ಕ್ವಾರಿಯ ಹೆಂಗಸರು, ಅವರ ಜೊತೆ ಬಿಗಿ ಕಟ್ಟುಪಾಡಿನ ಮುಸ್ಲಿಂ ಮನೆಗಳ ಯುವತಿಯರೂ ಸಾವಿರಗಟ್ಟಲೆ ಸೈಕಲ್ ಹತ್ತಿದರು. ಪಿ. ಸಾಯಿನಾಥ್ ಅವರ ಬರಹದಿಂದ ಇದು ದೇಶಕ್ಕೆ ತಿಳಿಯಿತು. ಆ ಬರಹ ವರ್ಕ್‌ಮನ್ನರ ಪುಸ್ತಕಕ್ಕಿಂತ ಬಹಳ ಚಿಕ್ಕದು. ಆದರೆ ಅಲ್ಲಿ ಹೆಂಗಸರು ಬಾಯಿಬಿಟ್ಟು ಮಾತಾಡುತ್ತಾರೆ. ಬಸ್ಸಿಗೆ ಕಾಯುವುದು ತಪ್ಪಿತು, ಗಂಡಸರನ್ನು ಕೇಳುವುದು ತಪ್ಪಿತು ಎನ್ನುತ್ತಾರೆ. ನಿಂದನೆಗೆ ಅವರು ಕೊಡುವ ಉತ್ತರವೂ ಅಲ್ಲಿದೆ.

ಕಣ್ಣು ಮಂಜಾಗಿರುವ ಅವ್ವನಿಗೆ ಮೊನ್ನೆ ಈ ಗಂಡಹೆಂಡಿರ ಕಥೆ ಹೇಳಿದೆ. 40 ಪಂಕ್ಚರಿನ ಮಾತು ಬಂದಾಗ ನಕ್ಕಳು.

‘ತೇಪೆ ಯಾರು ಹಾಕ್ತಿದ್ರು, ಗಂಡನಾ ಹೆಂಡ್ತಿನಾ?’

ನನಗೆ ತಿಳಿಯದು ಎಂದೆ.

‘ರಾತ್ರಿ ಯಾರ ಮನ್ಯಾಗೆ ಉಳ್ಕಂತಿದ್ರು?’

‘ರೈಲ್ವೆ ಸ್ಟೇಷನ್ನಾಗೆ.’

‘ಅಷ್ಟು ದೂರದಿಂದ ಬಂದೋರು,’ ಎಂದಳು ಅವ್ವ, ‘ಯಾರೂ ಕರೀಲಿಲ್ವಾ ಒಳಕ್ಕೆ?’