ಬಂಡಿದಾರಿಗೆ ಬಿದ್ದ ಮೂಟೆ

ನಮ್ಮೂರ ಕೆರೆ ಏರಿ ಇಳಿದರೆ ಹೊಲಗಳ ನಡುವೆ ಹಾದುಹೋಗುವ ಬಂಡಿದಾರಿಯೊಂದಿದೆ. ಎರಡೂ ಬದಿ ಕತ್ತಾಳೆ, ಅಲ್ಲಲ್ಲಿ ಹೊಂಗೆ. ಹೋದ ಕಾರ್ತೀಕದಲ್ಲಿ ಆ ದಾರಿ ಹಿಡಿದು ಹೊರಟವನು ಅರ್ಧಕ್ಕೇ ನಿಲ್ಲಬೇಕಾಯಿತು. ಬಾಯಿ ಕಟ್ಟಿದ ಏಳೆಂಟು ಗೋಣಿಚೀಲಗಳು ದಾರಿಗೆ ಅಡ್ಡ ಬಿದ್ದಿದ್ದವು. ಒಂದನ್ನು ನಾಯಿ ಹರಿದಿತ್ತು. ಒಳಗಿದ್ದ ಕೋಳಿ ಪುಕ್ಕ, ಕರುಳು ಹೊರಗೆ ಬಂದಿದ್ದವು. ಅದರಾಚೆ ಯಾವುದೋ ಮದುವೆಮನೆಯ ರಾಶಿ: ಅನ್ನ ಅಂಟಿದ ಕಾಗದದ ತಟ್ಟೆ, ಅರ್ಧ ಕುಡಿದ ನೀರಿನ ಬಾಟಲಿ, ಐಸ್‌ಕ್ರೀಮ್ ಬಟ್ಟಲು, ಮಂಟಪಕ್ಕೆ ಅಂಟಿಸಿದ್ದ ಥರ್ಮಾಕೋಲ್ ಅಕ್ಷರಗಳು. ಹುಡುಗಿಯ ಹೆಸರನ್ನು ಕೂಡಿಸಿ ಓದಬಹುದಿತ್ತು. ಅದಕ್ಕೂ ಆಚೆ ಟೈಲ್ಸ್ ಚೂರು, ಒಡೆದ ಕಮೋಡು, ಸಿಮೆಂಟಿನ ಹೆಂಟೆ.

ಹುಲ್ಲಿನ ಹೊರೆ ಹೊತ್ತು ಎದುರಿಗೆ ಬಂದ ಹಿರಿಯ ಹೆಂಗಸೊಬ್ಬರು ದಾರಿ ಬಿಟ್ಟು ಪಕ್ಕದ ರಾಗಿ ಹೊಲಕ್ಕಿಳಿದರು. ತೆನೆ ಕಟ್ಟಿದ ಪೈರಿನಲ್ಲಿ ಅಷ್ಟರಲ್ಲೇ ಒಂದು ಹೊಸ ಕಾಲುದಾರಿ ಮೂಡಿತ್ತು. "ಇದೇ ದಾರೀಲಿ ಕಣಪ್ಪ ನನ್ ಮದ್ವೆ ಗಾಡಿ ಬಂದಿದ್ದು. ಈಗ ಹೊಲದೋರ ಕೈಲಿ ಬೈಸ್ಕೊಂಡು ಓಡಾಡ್ಬೇಕು" ಎಂದರು. ಹೊಲದವರು ಬೈಯುವುದರಲ್ಲೂ ತಪ್ಪಿಲ್ಲ, ತುಳಿದದ್ದು ಅವರ ರಾಗಿ. ಎಲ್ಲಿಂದಲೋ ಬಂದವರು ರಾತ್ರಿ ಮೂಟೆ ಇಳಿಸಿ ಹೋದರು, ಜಗಳ ಉಳಿದದ್ದು ಊರಿನ ಎರಡು ಮನೆಗಳ ನಡುವೆ. ಹೀಗೆ ದಾರಿಗೆ ಕಸ ಸುರಿಯುವುದನ್ನು ಕುರಿತು ಬರೆಯುವವರು ದುರ್ನಾತ, ಸೊಳ್ಳೆ, ರೋಗಗಳ ಬಗ್ಗೆ ಬರೆಯುತ್ತಾರೆ. ಹೀಗೆ ಊರೊಳಗೆ ಹುಟ್ಟುವ ಮನಸ್ತಾಪದ ಲೆಕ್ಕವನ್ನು ಯಾರೂ ಬರೆದಿಟ್ಟಿಲ್ಲ.

ಊರಾಚೆಯ ದಾರಿಗೆ ಕಸ ಸುರಿಯುವುದನ್ನು ನಾವು ಈಗಲೂ ಸಂಸ್ಕಾರದ ಕೊರತೆ ಎಂದೇ ವಿವರಿಸುತ್ತೇವೆ. 'ಜನಕ್ಕೆ ಬುದ್ಧಿಯಿಲ್ಲ' ಎಂಬ ಒಂದು ಮಾತಿನಲ್ಲಿ ವಿಚಾರಣೆ ಮುಗಿಯುತ್ತದೆ. ನನ್ನ ತಕರಾರು ಇಲ್ಲಿಂದಲೇ ಶುರು. ಆ ಬಂಡಿದಾರಿಯಲ್ಲಿ ಕಂಡದ್ದು ಯಾರೋ ನಡೆದು ಹೋಗುತ್ತ ಬಿಸಾಡಿದ ಚಾಕೊಲೇಟ್ ಕಾಗದವಲ್ಲ. ಅಷ್ಟು ಮೂಟೆ ಬರಬೇಕಾದರೆ ಗಾಡಿ ಬೇಕು, ಡ್ರೈವರ್ ಬೇಕು, ಇಳಿಸುವವರು ಬೇಕು, ಯಾರಾದರೂ ಬಾಡಿಗೆ ಕೊಡಬೇಕು. ಕೋಳಿ ಅಂಗಡಿಯವನು, ಕಲ್ಯಾಣಮಂಟಪದವನು, ಹಳೆ ಮನೆ ಒಡೆಸುವ ಕಂಟ್ರಾಕ್ಟರು, ಇವರೆಲ್ಲ ತಮ್ಮ ಕಸಕ್ಕೆ ಕೊಡಬೇಕಾದ ಖರ್ಚನ್ನು ಉಳಿಸಿಕೊಂಡು ಅದನ್ನು ಹಳ್ಳಿಯ ತಲೆಗೆ ಕಟ್ಟುತ್ತಿದ್ದಾರೆ. ಇದು ವ್ಯವಹಾರ. ಇದನ್ನು ಕೆಟ್ಟ ಅಭ್ಯಾಸ ಎಂದು ಕರೆದು ಹಗುರ ಮಾಡಬಾರದು.

ಅವರು ಆರಿಸಿಕೊಳ್ಳುವ ಜಾಗವನ್ನೂ ಗಮನಿಸಬೇಕು. ಯಾರ ಪಟ್ಟಾ ಜಮೀನಿಗೂ ಮೂಟೆ ಬೀಳುವುದಿಲ್ಲ, ಬಿದ್ದರೆ ಮಾಲೀಕ ದೊಣ್ಣೆ ಹಿಡಿದು ನಿಲ್ಲುತ್ತಾನೆ. ಮೂಟೆ ಬೀಳುವುದು ದಾರಿಗೆ, ಹಳ್ಳಕ್ಕೆ, ಕೆರೆ ಅಂಗಳಕ್ಕೆ, ಸ್ಮಶಾನದ ಅಂಚಿಗೆ. ಕಂದಾಯದ ದಾಖಲೆಯಲ್ಲಿ ಇವಕ್ಕೆಲ್ಲ ಸೇರಿ 'ಬಿ ಖರಾಬು' ಎಂಬ ಒಂದೇ ಹೆಸರು. ಸಾರ್ವಜನಿಕ ಉಪಯೋಗಕ್ಕೆಂದು ಬಿಟ್ಟ, ಕಂದಾಯ ಕಟ್ಟಬೇಕಿಲ್ಲದ ನೆಲ. ಊರಿನ ಎಲ್ಲರಿಗೂ ಸೇರಿದ್ದು ಎಂಬ ಗೌರವ ಆ ಹೆಸರಿನ ಹಿಂದಿದೆ. ಖರಾಬು ಎಂದರೆ ಕೆಟ್ಟದ್ದು ಎಂಬ ಅರ್ಥವನ್ನಷ್ಟೇ ನಾವು ಉಳಿಸಿಕೊಂಡೆವು.

ಹಿಂದೆ ಹಳ್ಳಿಗಳಲ್ಲಿ ಕಸವಿರಲಿಲ್ಲವೇ? ಇತ್ತು. ಆದರೆ ಅದಕ್ಕೆ ತಿಪ್ಪೆ ಇತ್ತು, ಪ್ರತಿ ತಿಪ್ಪೆಗೂ ಒಬ್ಬ ಯಜಮಾನ ಇದ್ದ. ಸಗಣಿ, ಬೂದಿ, ಮುಸುರೆ, ಕೊಟ್ಟಿಗೆಯ ಗಲೀಜು ಅಲ್ಲಿ ಕೊಳೆತು ಬೇಸಿಗೆಯಲ್ಲಿ ಗಾಡಿ ಹತ್ತಿ ಹೊಲ ಸೇರುತ್ತಿತ್ತು. ಬಲಿಪಾಡ್ಯಮಿಯ ಸಂಜೆ ತಿಪ್ಪೆಗೂ ದೀಪ ಇಡುತ್ತಿದ್ದರು, ಈಗಲೂ ಇಡುವ ಊರುಗಳಿವೆ. ಪಕ್ಕದ ಮನೆಯವನ ತಿಪ್ಪೆಯಿಂದ ಒಂದು ಮಂಕರಿ ಗೊಬ್ಬರ ತೆಗೆದರೂ ಪಂಚಾಯಿತಿ ಸೇರುವಷ್ಟು ಅದು ಬೆಲೆಯುಳ್ಳದ್ದಾಗಿತ್ತು. ಈಗಿನ ರಾಶಿಯಲ್ಲಿ ಎಂಜಲು, ಪ್ಲಾಸ್ಟಿಕ್, ಗಾಜು ಬೆರೆತು ಹೋಗಿವೆ. ಅದು ಗೊಬ್ಬರವೂ ಆಗದು, ಗುಜರಿಗೂ ಹೋಗದು. ಎಂಜಲಿನ ವಾಸನೆಗೆ ಬರುವ ದನ ಕವರನ್ನೂ ಸೇರಿಸಿ ನುಂಗುತ್ತದೆ.

ದೊಡ್ಡ ಪ್ರಮಾಣದಲ್ಲಿ ಇದೇ ಕೆಲಸವನ್ನು ಬೆಂಗಳೂರು ರಾಜಾರೋಷವಾಗಿ ಮಾಡಿತು. ನಗರದ ಹೊರಗಿನ ಮಾವಳ್ಳಿಪುರಕ್ಕೆ ಕಸದ ಲಾರಿ ಹೋಗುವುದು 2012ರಲ್ಲಿ ನಿಂತಾಗ ಹೊರೆ ಮಂಡೂರಿನ ಮೇಲೆ ಬಿತ್ತು. ಮಂಡೂರಿನ ಜನ ರಸ್ತೆಗೆ ಕೂತು ಹೋರಾಡಿ 2014ರ ಡಿಸೆಂಬರ್ 1ರಿಂದ ಲಾರಿಗಳನ್ನು ನಿಲ್ಲಿಸಿದ ಮೇಲೆ ಅವು ಕ್ರಮೇಣ ಬೆಳ್ಳಹಳ್ಳಿ, ಮಿಟ್ಟಗಾನಹಳ್ಳಿಯ ಕಲ್ಲು ಕ್ವಾರಿಗಳ ಕಡೆ ತಿರುಗಿದವು. ಊರ ಹೆಸರು ಬದಲಾಯಿತು, ಲಾರಿ ಬದಲಾಗಲಿಲ್ಲ. ಮಂಗಳೂರಿನದು ಇನ್ನೂ ಘೋರ. 2019ರ ಆಗಸ್ಟ್ ಮಳೆಗೆ ಪಚ್ಚನಾಡಿಯ ಕಸದ ಗುಡ್ಡ ಜರಿದು ಕೆಳಗಿನ ಮಂದಾರದ ಅಡಿಕೆ ತೋಟ, ಮನೆ, ದಾರಿಗಳನ್ನೆಲ್ಲ ಮುಚ್ಚಿತು. ಜನ ಮನೆ ಬಿಟ್ಟು ಹೋಗಬೇಕಾಯಿತು. ಸರ್ಕಾರವೇ ಹಳ್ಳಿಯನ್ನು ಕಸದ ಜಾಗವೆಂದು ತೋರಿಸಿಕೊಟ್ಟ ಮೇಲೆ ಕೋಳಿ ಅಂಗಡಿಯವನಿಗೆ ಬೇರೆ ಪಾಠ ಹೇಳುವವರು ಯಾರು?

ಪರಿಹಾರವೆಂದು ನಾವು ಮಾಡುತ್ತ ಬಂದಿರುವುದನ್ನೂ ಒರೆಗೆ ಹಚ್ಚಬೇಕು. 'ಇಲ್ಲಿ ಕಸ ಹಾಕಬಾರದು' ಎಂಬ ಬೋರ್ಡಿನ ಬುಡದಲ್ಲೇ ರಾಶಿ ಇರುವುದನ್ನು ಎಲ್ಲರೂ ಕಂಡಿದ್ದೇವೆ. ಗೋಡೆಗೆ ದೇವರ ಟೈಲ್ಸ್ ಅಂಟಿಸುವುದು ನನಗೆ ಒಪ್ಪಿಗೆಯಾಗದ ಉಪಾಯ. ಕಸ ಹತ್ತು ಮಾರು ಆಚೆ ಸರಿಯುತ್ತದೆ, ದೇವರು ದುರ್ನಾತದ ನಡುವೆ ಉಳಿಯುತ್ತಾನೆ. 2025ರ ಅಕ್ಟೋಬರ್ ಕೊನೆಯಲ್ಲಿ ಬೆಂಗಳೂರಿನಲ್ಲಿ 'ಕಸ ಸುರಿಯುವ ಹಬ್ಬ' ಎಂದು ಹೆಸರಿಟ್ಟು, ರಸ್ತೆಗೆ ಕಸ ಎಸೆದವರ ಮನೆ ಮುಂದೆಯೇ ಕಸ ಸುರಿದು ದಂಡ ಹಾಕಿದರು. ಕಸಕ್ಕೆ ಒಬ್ಬ ಯಜಮಾನನಿದ್ದಾನೆ ಎಂಬುದನ್ನು ಅದು ಎತ್ತಿ ತೋರಿಸಿತು, ಅಷ್ಟರ ಮಟ್ಟಿಗೆ ಸರಿ. ಆದರೆ ಸಿಕ್ಕಿಬೀಳುವುದು ಕವರ್ ಎಸೆಯುವ ಮನೆಯವರು. ರಾತ್ರಿ ಎರಡು ಗಂಟೆಗೆ ದೀಪ ಆರಿಸಿಕೊಂಡು ಬಂಡಿದಾರಿಗೆ ಇಳಿಯುವ ಟಾಟಾ ಏಸ್ ಅಲ್ಲ.

ಕಾನೂನಿನ ದೊಡ್ಡ ಲೋಪವೂ ಇಲ್ಲಿಯೇ ಇತ್ತು. 2016ರ ಘನತ್ಯಾಜ್ಯ ನಿರ್ವಹಣಾ ನಿಯಮಗಳು ಒಳ್ಳೆಯ ಮಾತುಗಳನ್ನೇ ಬರೆದವು. ಪರವಾನಗಿಯಿಲ್ಲದ ಜಾಗದಲ್ಲಿ 100ಕ್ಕಿಂತ ಹೆಚ್ಚು ಜನ ಸೇರಿಸುವವರು ಮೂರು ಕೆಲಸದ ದಿನ ಮೊದಲೇ ಸ್ಥಳೀಯ ಸಂಸ್ಥೆಗೆ ತಿಳಿಸಬೇಕು, ಅಲ್ಲಿನ ಕಸವನ್ನು ವಿಂಗಡಿಸಬೇಕು ಎಂದವು. ಆದರೆ ಆ ನಿಯಮಗಳ ವ್ಯಾಪ್ತಿ ಮುಖ್ಯವಾಗಿ ನಗರ, ಪಟ್ಟಣ, ಅವುಗಳಿಗೆ ಅಂಟಿಕೊಂಡ ಬೆಳವಣಿಗೆಯ ಪ್ರದೇಶಗಳ ತನಕ ಇತ್ತು. ಹೊಲಗಳ ನಡುವಿನ ಸಾಮಾನ್ಯ ಹಳ್ಳಿಗೆ ಅವು ನೇರವಾಗಿ ಅನ್ವಯಿಸಲಿಲ್ಲ. ಕಾನೂನು ಪಟ್ಟಣದ ಗಡಿಯಲ್ಲಿ ನಿಂತಿತು, ಮೂಟೆ ಗಡಿ ದಾಟಿತು. ಬಯಲಲ್ಲಿ ಕಸ ಸುಟ್ಟರೆ 5,000 ರೂಪಾಯಿ, ರಾಶಿ ಕಸವಾದರೆ 25,000 ರೂಪಾಯಿ ಎಂದು ಹಸಿರು ನ್ಯಾಯಮಂಡಳಿ 2016ರ ಡಿಸೆಂಬರಿನಲ್ಲಿ ಆದೇಶಿಸಿತು. ಆ ದಂಡ ಕಟ್ಟಿದವರನ್ನು ನಾನಂತೂ ನಮ್ಮ ಸೀಮೆಯಲ್ಲಿ ಕಂಡಿಲ್ಲ. ದಾರಿಯ ರಾಶಿಗೆ ಬೆಂಕಿ ಬೀಳುವುದನ್ನು ಮಾತ್ರ ಪ್ರತಿ ಬೇಸಿಗೆಯಲ್ಲೂ ಕಾಣುತ್ತೇನೆ.

ಆಗುವ ದಾರಿ ಇಲ್ಲವೆಂದಲ್ಲ. ಕಾರ್ಕಳ ತಾಲ್ಲೂಕಿನ ನಿಟ್ಟೆಯಲ್ಲಿ ಸುತ್ತಲ ಪಂಚಾಯಿತಿಗಳ ಒಣಕಸವನ್ನು ತಂದು ವಿಂಗಡಿಸುವ, ದಿನಕ್ಕೆ 10 ಟನ್ ಸಾಮರ್ಥ್ಯದ ಘಟಕವಿದೆ. ರಾಜ್ಯದ ಅನೇಕ ಗ್ರಾಮ ಪಂಚಾಯಿತಿಗಳಲ್ಲಿ 'ಸ್ವಚ್ಛ ಸಂಕೀರ್ಣ' ಎಂಬ ಕಸ ವಿಂಗಡಣಾ ಘಟಕಗಳಿವೆ, ಸ್ವಸಹಾಯ ಸಂಘದ ಹೆಣ್ಣುಮಕ್ಕಳೇ ಗಾಡಿ ಓಡಿಸಿ ಮನೆಮನೆಯ ಕಸ ತರುತ್ತಾರೆ. ನಿಯಮಿತವಾಗಿ ಗಾಡಿ ಬರುವ ಊರಿನವರಿಗೆ ಕಸವನ್ನು ದಾರಿಗೆ ಹಾಕಲು ಕಾರಣವೇ ಉಳಿಯುವುದಿಲ್ಲ. ಬೀಗ ಹಾಕಿದ ಘಟಕಗಳೂ ಇವೆ, ಅದನ್ನು ಮುಚ್ಚಿಡಬಾರದು. ಆದರೆ ಮನೆಯ ಕಸ ಎತ್ತುವ ಗಾಡಿಯಿಂದ ಕಲ್ಯಾಣಮಂಟಪದ ಕಸ ನೀಗದು. ಲೈಸೆನ್ಸ್ ನವೀಕರಿಸುವ ದಿನ ಪಂಚಾಯಿತಿಯಾಗಲಿ ಪುರಸಭೆಯಾಗಲಿ ಕೋಳಿ ಅಂಗಡಿಗೆ, ಛತ್ರಕ್ಕೆ ಒಂದೇ ಪ್ರಶ್ನೆ ಹಾಕಲಿ: ನಿಮ್ಮ ಕಸ ಯಾವ ಗಾಡಿಯಲ್ಲಿ, ಎಲ್ಲಿಗೆ ಹೋಯಿತು? ರಸೀದಿ ತೋರಿಸದಿದ್ದರೆ ಲೈಸೆನ್ಸ್ ಬೇಡ. ಮನೆ ಒಡೆಯುವವರಿಗೂ ಇದೇ ಪ್ರಶ್ನೆ. ಬೋರ್ಡು, ಕ್ಯಾಮೆರಾ, ಟೈಲ್ಸ್‌ಗಳಿಗಿಂತ ಈ ಒಂದು ರಸೀದಿಯ ಮೇಲೆ ನನಗೆ ಹೆಚ್ಚು ನಂಬಿಕೆ.

ಅಲ್ಲಿಯತನಕ ನೀವು ಮಾಡಬಹುದಾದದ್ದೊಂದಿದೆ. ನಿಮ್ಮ ಮನೆಯ ಮುಂದಿನ ಮದುವೆಗೋ ಗೃಹಪ್ರವೇಶಕ್ಕೋ ಅಡುಗೆಯವರಿಗೆ ಮುಂಗಡ ಕೊಡುವ ಮುಂಚೆ, ಉಂಡ ಎಲೆ ಕೊನೆಗೆ ಎಲ್ಲಿಗೆ ಹೋಗುತ್ತದೆ ಎಂದು ಕೇಳಿ. ಸರಿಯಾದ ಉತ್ತರ ಬರುವವರೆಗೆ ಮುಂಗಡ ಕೊಡಬೇಡಿ.