ಗೋಡೆ ಯಾರದು, ಚಿತ್ರ ಯಾರದು?

ನಮ್ಮ ಸರಕಾರಿ ಶಾಲೆಗಳ ಗೋಡೆಗಳು ಈಗ ಮೊದಲಿನಂತೆ ಖಾಲಿಯಿಲ್ಲ. ಎಷ್ಟೋ ಊರುಗಳಲ್ಲಿ ಕೊಠಡಿಗಳಿಗೆ ರೈಲು ಬೋಗಿಯ ಬಣ್ಣ ಬಂದಿದೆ. ಕಾಂಪೌಂಡಿನ ಮೇಲೆ ರಾಷ್ಟ್ರನಾಯಕರ ಮುಖಗಳು, ಭೂಪಟ, ಸ್ವಚ್ಛತೆಯ ಘೋಷಣೆಗಳು ಮೂಡಿವೆ. ನೋಡಲು ಚೆನ್ನಾಗಿಯೇ ಇವೆ. ಆದರೆ ಇವುಗಳಲ್ಲಿ ಹೆಚ್ಚಿನವನ್ನು ಬರೆದವರು ಗುತ್ತಿಗೆಗೆ ಬಂದ ಪೇಂಟರುಗಳು. ಆ ಶಾಲೆಯ ಮಕ್ಕಳು ಬ್ರಶ್ ಮುಟ್ಟಿಲ್ಲ. 2020ರ ರಾಷ್ಟ್ರೀಯ ಶಿಕ್ಷಣ ನೀತಿ ಕಲೆಯನ್ನು ಎಲ್ಲ ಪಾಠಗಳೊಂದಿಗೆ ಬೆರೆಸಬೇಕೆಂದು ಹೇಳಿದ ಮೇಲೆ ಬೀದಿ ಚಿತ್ರಕಲೆಯನ್ನೂ ವಿದ್ಯಾರ್ಥಿಗಳಿಗೆ ಕಲಿಸಬೇಕೆಂಬ ಮಾತಿಗೆ ಬಲ ಬಂದಿದೆ. ಒಳ್ಳೆಯದೇ. ಆದರೆ ಕಲಿಸುವುದು ಏನನ್ನು? ಗೋಡೆಗೆ ಬಣ್ಣ ಬಳಿಯುವುದನ್ನೇ?

ಬೆಂಗಳೂರಿನ ಎರಡು ಉದಾಹರಣೆಗಳನ್ನು ಅಕ್ಕಪಕ್ಕ ಇಟ್ಟು ನೋಡೋಣ. 2009ರಲ್ಲಿ ಮಹಾನಗರ ಪಾಲಿಕೆಯು ಪೋಸ್ಟರುಗಳ ಕಾಟ ತಪ್ಪಿಸಲು ನಗರದ ಗೋಡೆಗಳ ಮೇಲೆ ಚಿತ್ರ ಬರೆಸಿತು. ಫ್ಲೆಕ್ಸ್ ಬಂದು ಕೆಲಸ ಕಳೆದುಕೊಂಡಿದ್ದ ಸಿನಿಮಾ ಬ್ಯಾನರ್ ಕಲಾವಿದರಿಗೆ ಅದರಿಂದ ಅನ್ನ ಸಿಕ್ಕಿತು. ಅದನ್ನು ನಾವು ಮೆಚ್ಚಲೇಬೇಕು. ಆದರೆ ಜಲಪಾತ, ಅರಮನೆ, ಕಾಡುಪ್ರಾಣಿಗಳ ಆ ಚಿತ್ರಗಳು ಆ ಬೀದಿಯಲ್ಲಿ ಬದುಕುವವರ ಕಷ್ಟಸುಖವನ್ನು ಕೇಳಲಿಲ್ಲ. ಮೈಸೂರು ಮೂಲದ ಕಲಾವಿದ ಬಾದಲ್ ನಂಜುಂಡಸ್ವಾಮಿ ಹಿಡಿದದ್ದು ಬೇರೆ ದಾರಿ. 2015ರಲ್ಲಿ ಅವರು ಸುಲ್ತಾನ್‌ಪಾಳ್ಯದ ರಸ್ತೆಗುಂಡಿಯೊಂದರಲ್ಲಿ ಮೊಸಳೆಯ ಮೂರ್ತಿ ಇಟ್ಟರು. 2019ರ ಸೆಪ್ಟೆಂಬರಿನಲ್ಲಿ, ದೇಶವೆಲ್ಲ ಚಂದ್ರಯಾನ-2ರ ದಾರಿ ಕಾಯುತ್ತಿದ್ದಾಗ, ಹೇರೋಹಳ್ಳಿಯ ಹೊಂಡಬಿದ್ದ ರಸ್ತೆಯಲ್ಲಿ ಗಗನಯಾತ್ರಿಯೊಬ್ಬ ಚಂದ್ರನ ಮೇಲೆ ನಡೆಯುವಂತೆ ವಿಡಿಯೊ ಮಾಡಿದರು. ಜನ ನಕ್ಕರು, ಅಧಿಕಾರಿಗಳು ನಾಚಿದರು, ರಸ್ತೆ ದುರಸ್ತಿಯಾಯಿತು. ಗುಂಡಿ ಮುಚ್ಚಿದೊಡನೆ ಆ ಕೃತಿಯೂ ಇಲ್ಲವಾಯಿತು. ಬೀದಿ ಕಲೆಯ ಸಾರ್ಥಕತೆ ಇಂಥಲ್ಲಿದೆ ಎಂದು ನಾವು ಭಾವಿಸುತ್ತೇವೆ. ವಿದ್ಯಾರ್ಥಿಗಳಿಗೆ ಮೊದಲು ತೋರಿಸಬೇಕಾದದ್ದು ಈ ವ್ಯತ್ಯಾಸವನ್ನು.

ಈ ಪಾಠಕ್ಕೆ ಬೆಂಗಳೂರಿಗೇ ಹೋಗಬೇಕಾಗಿಲ್ಲ. ಯಾದಗಿರಿ ಜಿಲ್ಲೆಯ ಸುರಪುರವನ್ನೇ ನೋಡಿ. ಅಲ್ಲಿನ ನಾಯಕ ಅರಸರ ಆಶ್ರಯದಲ್ಲಿ ಬೆಳೆದ ಸುರಪುರ ಶೈಲಿಯ ಚಿತ್ರಗಳು ಹೊನ್ನಿನ ಬಣ್ಣಕ್ಕೂ ಕೂದಲೆಳೆಯಷ್ಟು ನಯವಾದ ಗೆರೆಗೂ ಹೆಸರಾದವು. ಆದರೆ ಅವು ದೇವರ ಕೋಣೆಗೆ, ದರ್ಬಾರಿಗೆ ಬರೆದವು. ಬಜಾರಿನಲ್ಲಿ ನಡೆಯುವವನು ಅವನ್ನು ಕಂಡದ್ದು ಕಡಿಮೆ. ಬಜಾರಿನವನ ಕಣ್ಣಿಗೆ ಬಿದ್ದ ಕಲೆ ಬೇರೆಯೇ ಇತ್ತು: ಅಂಗಡಿಯ ಬೋರ್ಡು, ಲಾರಿಯ ಹಿಂಬದಿ, ಬಾಗಿಲ ಮುಂದಿನ ರಂಗೋಲಿ. ಪಕ್ಕದ ಕಲಬುರಗಿಯ ಎಸ್.ಎಂ. ಪಂಡಿತ್ (1916-1993) ಮುಂಬಯಿಗೆ ಹೋಗಿ ಸಿನಿಮಾ ಪ್ರಚಾರಕ್ಕೂ ಕ್ಯಾಲೆಂಡರಿಗೂ ಚಿತ್ರ ಬರೆದು ದೇಶದ ಮನೆಮನೆಯ ಗೋಡೆಗೆ ತಲುಪಿದರು. ಇಂದು ಊರೂರುಗಳಲ್ಲಿ ಬೋರ್ಡ್ ಬರೆಯುವ ಕೈಗಳು ಕೆಲಸವಿಲ್ಲದೆ ಕುಳಿತಿವೆ. ಅವರಲ್ಲಿ ಮುಸ್ಲಿಮರೂ ಬಹಳ. ಕನ್ನಡ, ಉರ್ದು ಎರಡನ್ನೂ ಒಂದೇ ಹಲಗೆಯ ಮೇಲೆ ಅಂದವಾಗಿ ಕೂರಿಸಬಲ್ಲ ಇಂಥವರನ್ನು ಎಷ್ಟು ಶಾಲೆಗಳು ಒಂದು ದಿನದ ಮಟ್ಟಿಗಾದರೂ ಗುರುವೆಂದು ಕರೆದಿವೆ? ನಮ್ಮ ಲೋಯರ್, ಹೈಯರ್ ಡ್ರಾಯಿಂಗ್ ಪರೀಕ್ಷೆಗಳಲ್ಲಿ ಹೂಜಿ, ಎಲೆ, ಜ್ಯಾಮಿತಿ ಇವೆ. ಬೀದಿ ಮಾತ್ರ ಇಲ್ಲ.

ಮುಸ್ಲಿಮ್ ತಂದೆತಾಯಿಗಳಲ್ಲಿ ಇನ್ನೊಂದು ಹಿಂಜರಿಕೆ ಇದೆ. ಜೀವಿಗಳ ಚಿತ್ರ ಬರೆಯುವುದು ಸಮ್ಮತವೇ ಎಂಬ ಪ್ರಶ್ನೆ ಅದು. ಆ ಚರ್ಚೆ ವಿದ್ವಾಂಸರಿಗಿರಲಿ. ಆದರೆ ಅದರ ಹೆಸರಿನಲ್ಲಿ ಮಗುವಿನ ಕೈಯಿಂದ ಬಣ್ಣವನ್ನೇ ಕಸಿಯುವುದು ನ್ಯಾಯವಲ್ಲ. ವಿಜಾಪುರದ ಇಬ್ರಾಹಿಂ ರೋಜಾದ ಗೋಡೆಗಳ ಮೇಲೆ ಅಕ್ಷರವೇ ಚಿತ್ರವಾಗಿದೆ. ಟ್ಯುನೀಸಿಯಾ ಮೂಲದ ಫ್ರೆಂಚ್ ಕಲಾವಿದ ಎಲ್ ಸೀದ್ 2012ರಲ್ಲಿ ಗಾಬೆಸ್ ನಗರದ ಜಾರಾ ಮಸೀದಿಯ ಮಿನಾರದ ಮೇಲೆ ಕುರ್‌ಆನಿನ ಅಲ್ ಹುಜುರಾತ್ ಅಧ್ಯಾಯದ 13ನೇ ವಚನವನ್ನು ಆಧರಿಸಿ ಅರಬಿ ಅಕ್ಷರಗಳ ಬೃಹತ್ ಚಿತ್ರ ಬರೆದರು. ಜನಾಂಗಗಳು ಪರಸ್ಪರ ಪರಿಚಯವಾಗಲೆಂದು ಸೃಷ್ಟಿಯಾದವು ಎಂಬುದು ಆ ವಚನದ ಆಶಯ. ಮಸೀದಿಯ ಇಮಾಮರ ಒಪ್ಪಿಗೆ ಪಡೆದೇ ಅವರು ಕೆಲಸ ಮಾಡಿದ್ದರು. ಮುಖವಿಲ್ಲದೆಯೂ ಗೋಡೆ ಮಾತಾಡಬಲ್ಲದು ಎಂಬುದಕ್ಕೆ ಇನ್ನೇನು ಸಾಕ್ಷಿ ಬೇಕು?

ನಿಜವಾದ ಅಡ್ಡಿ ಇರುವುದು ಭಯದಲ್ಲಿ. 2020ರ ಜನವರಿಯಲ್ಲಿ ಬೀದರಿನ ಶಾಹೀನ್ ಶಾಲೆಯ ಮಕ್ಕಳು ಪೌರತ್ವ ಕಾಯ್ದೆಯ ಕುರಿತು ಒಂದು ನಾಟಕ ಆಡಿದ್ದಕ್ಕೆ ದೇಶದ್ರೋಹದ ಪ್ರಕರಣ ದಾಖಲಾಯಿತು. ಮುಖ್ಯೋಪಾಧ್ಯಾಯಿನಿಯೂ ಮಗುವೊಂದರ ತಾಯಿಯೂ ಜೈಲು ಸೇರಿದರು. ಪುಟ್ಟ ಮಕ್ಕಳನ್ನು ಪೊಲೀಸರು ಮತ್ತೆ ಮತ್ತೆ ವಿಚಾರಣೆಗೆ ಒಳಪಡಿಸಿದರು. 2023ರ ಜೂನಿನಲ್ಲಿ ಹೈಕೋರ್ಟಿನ ಕಲಬುರಗಿ ಪೀಠ ಪ್ರಕರಣವನ್ನು ರದ್ದುಪಡಿಸಿತು. ಜೊತೆಗೆ, ಸರಕಾರದ ನೀತಿಗಳನ್ನು ಟೀಕಿಸಲು ಮಕ್ಕಳಿಗೆ ಕಲಿಸದಿರುವುದೇ ಲೇಸೆಂದೂ ಹೇಳಿತು. ನ್ಯಾಯಾಲಯದ ಮೇಲಿನ ಗೌರವವನ್ನು ಇಟ್ಟುಕೊಂಡೇ ನಾವು ಕೇಳಬೇಕಾಗಿದೆ: ನಲ್ಲಿಯಲ್ಲಿ ನೀರು ಬರದಿದ್ದರೆ, ಶಾಲೆಯ ಎದುರು ಚರಂಡಿ ಉಕ್ಕಿದರೆ, ಅದು ಮಗುವಿನ ನಿತ್ಯದ ಬದುಕಲ್ಲವೇ? ಅದನ್ನು ಚಿತ್ರವಾಗಿ ಬರೆದರೆ ಟೀಕೆಯೇ, ಸತ್ಯವೇ? ಇಂಥ ಪ್ರಶ್ನೆಗಳಿಗೆ ಹೆದರಿದ ಶಿಕ್ಷಕ ಕೊನೆಗೆ ಘೋಷಣೆಗಳನ್ನಷ್ಟೇ ಬರೆಸುತ್ತಾನೆ. ಅವನನ್ನು ದೂರಿ ಫಲವಿಲ್ಲ. ಅವನ ಬೆನ್ನಿಗೆ ಊರು ನಿಲ್ಲಬೇಕು.

ಬೀದಿಗೆ ಇಳಿದವರಿಗೆ ಹೊಣೆಯೂ ಇದೆ. ಸಾರ್ವಜನಿಕ ಸ್ಥಳಗಳ ಅಂದಗೆಡಿಸುವುದನ್ನು ತಡೆಯಲು ನಮ್ಮ ರಾಜ್ಯದಲ್ಲಿ 1981ರಲ್ಲೇ ಕಾಯ್ದೆ ಬಂದಿದೆ. ಕಾಯ್ದೆ ಇರಲಿ ಬಿಡಲಿ, ಇನ್ನೊಬ್ಬರ ಗೋಡೆಯನ್ನು ಕೇಳದೆ ಮುಟ್ಟುವುದು ಸಭ್ಯತೆಯಲ್ಲ. ಯಾರನ್ನಾದರೂ ಹೀಯಾಳಿಸುವ, ಬೆದರಿಸುವ ಬರಹ ಕಲೆಯೂ ಆಗದು.

ಆದ್ದರಿಂದ ಪಾಠ ಬಣ್ಣದ ಡಬ್ಬಿಯಿಂದ ಶುರುವಾಗಬಾರದು. ಸುರಪುರದ ಶಿಕ್ಷಕರೊಬ್ಬರು ಮಕ್ಕಳನ್ನು ಬಜಾರಿನಿಂದ ಟೇಲರ್ ಮಂಜಿಲ್ ಇರುವ ಗುಡ್ಡದವರೆಗೆ ನಡೆಸಿಕೊಂಡು ಹೋಗಲಿ. ದಾರಿಯ ಒಂದೊಂದು ಗೋಡೆಯ ಮುಂದೆಯೂ ಮೂರು ಪ್ರಶ್ನೆ ಕೇಳಿಸಲಿ: ಇದನ್ನು ಬರೆಸಿದವರು ಯಾರು? ಯಾರಿಗಾಗಿ? ಇಲ್ಲಿ ವಾಸಿಸುವವರನ್ನು ಕೇಳಿದ್ದರೇ? ಬೋರ್ಡ್ ಬರೆಯುವ ಪೇಂಟರಿಂದ ಅಕ್ಷರದ ಅಳತೆ ಕಲಿಸಲಿ. ಆಮೇಲೆ ಒಂದು ಓಣಿಯ ಹಿರಿಯರನ್ನೂ ಹೆಂಗಸರನ್ನೂ ಮಾತಾಡಿಸಿ, ಮನೆಯವರ ಒಪ್ಪಿಗೆ ಪಡೆದು, ಒಂದೇ ಒಂದು ಗೋಡೆಗೆ ಮಕ್ಕಳು ಬ್ರಶ್ ಹಚ್ಚಲಿ. ಆ ಚಿತ್ರ ಸೊಟ್ಟಗಿರಬಹುದು. ಮುಂದಿನ ಮಳೆಗಾಲಕ್ಕೆ ಅಳಿಸಿಯೂ ಹೋಗಬಹುದು. ಆದರೆ ನೆರೆಯವರನ್ನು ಕೇಳಿ ಬರೆಯುವ ಅಭ್ಯಾಸ ಮಕ್ಕಳಲ್ಲಿ ಉಳಿಯುತ್ತದೆ. ಒಬ್ಬರನ್ನೊಬ್ಬರು ಅನುಮಾನದಿಂದ ನೋಡುವ ಈ ದಿನಗಳಲ್ಲಿ ಒಂದು ಶಾಲೆ ತನ್ನ ಊರಿಗೆ ಅದಕ್ಕಿಂತ ಹೆಚ್ಚಿನದೇನನ್ನು ಕೊಡಬಲ್ಲದು?