ಪಟ್ಟಿ ಸರಿದ ಮೇಲೆ

ದೆಹಲಿಯಲ್ಲಿ ಕಣ್ಣಾರೆ ಯಕ್ಷಗಾನ ನೋಡಬೇಕೆಂದರೆ ಆರ್.ಕೆ. ಪುರದ ಕರ್ನಾಟಕ ಸಂಘದಲ್ಲೋ ಇನ್ನೆಲ್ಲೋ ಆಟ ಇಟ್ಟುಕೊಳ್ಳುವವರೆಗೆ ಕಾಯಬೇಕು. ಮಿಕ್ಕ ದಿನಗಳಲ್ಲಿ ನನ್ನ ರಂಗಸ್ಥಳ ಮೆಟ್ರೊದ ಬ್ಲೂ ಲೈನು. ನೊಯ್ಡಾದಲ್ಲಿ ಹತ್ತಿ, ಸೀಟು ಸಿಕ್ಕಿದರೆ, ಫೋನು ಅಡ್ಡ ಹಿಡಿದರಾಯಿತು. ಮೇಲಿನ ಶೀರ್ಷಿಕೆ ಪಟ್ಟಿ ಹೋಗುತ್ತದೆ. ಗಡಿಯಾರ, ಬ್ಯಾಟರಿ, ಸಿಗ್ನಲ್ ಕಡ್ಡಿ, ಆಫೀಸಿನ ಮೆಸೇಜಿನ ಗುರುತು ಎಲ್ಲವೂ ಹೋಗುತ್ತವೆ. ಉಳಿಯುವುದು ಎರಡು ಬದಿಯ ಕಪ್ಪು, ನಡುವೆ ಬಡಗುತಿಟ್ಟಿನ ಒಂದು ಕೇದಗೆ ಮುಂದಲೆ. ಓಎಲ್‌ಇಡಿ ಸ್ಕ್ರೀನಾದರೆ ಆ ಕಪ್ಪಿನ ಚುಕ್ಕಿಗಳು ನಿಜಕ್ಕೂ ಆರಿರುತ್ತವೆ. ಜರಿ ಹೊಳೆಯುವುದು ಅದರಿಂದಲೇ.

ಯಮುನಾ ಬ್ಯಾಂಕ್ ಬಿಟ್ಟು ಸೇತುವೆಗೆ ಬಂದಾಗ ಬಿಸಿಲು ಹೊಡೆದು ಆ ಕಪ್ಪು ಕನ್ನಡಿಯಾಗುತ್ತದೆ, ವೇಷದ ಪಕ್ಕ ನಮ್ಮ ಮುಖ. ಮಂಡಿ ಹೌಸ್ ಹೊತ್ತಿಗೆ ರೈಲು ನೆಲದಡಿ ಇಳಿದಿರುತ್ತದೆ, ಕಪ್ಪು ಮತ್ತೆ ಕಪ್ಪಾಗುತ್ತದೆ.

ಪಟ್ಟಿ ಮಾಯವಾಗುವುದಕ್ಕಿಂತ ಅದು ಮರಳುವ ರೀತಿ ನನಗೆ ಹೆಚ್ಚು ಇಷ್ಟ. ಹಳೆಯ ಆಂಡ್ರಾಯ್ಡಿನಲ್ಲಿ ಕೆಳಗಿನ ಬಟನ್‌ಗಳನ್ನು ಮರೆಮಾಡಿದರೂ ಬೆರಳು ಎಲ್ಲಿ ತಾಗಿದರೂ ಎದ್ದು ಬರುತ್ತಿದ್ದವು. 2013ರ ಕಿಟ್‌ಕ್ಯಾಟ್ ಆವೃತ್ತಿ ಅವಕ್ಕೆ ನಯ ಕಲಿಸಿತು. ಅಂಚಿನಿಂದ ಬೆರಳು ಜಾರಿಸಿದರೆ ಮಾತ್ರ ಪಟ್ಟಿ ತೆಳ್ಳಗೆ ಚಿತ್ರದ ಮೇಲೆ ಇಣುಕಿ, ಹೊತ್ತೆಷ್ಟೆಂದು ತೋರಿಸಿ, ತಾನಾಗಿ ಸರಿಯುತ್ತದೆ. ಚಿತ್ರ ಕದಲುವುದಿಲ್ಲ. ಪಂಕ್ತಿಯಲ್ಲಿ ಕರೆದಾಗ ಬಂದು, ಬಡಿಸಿ, ಮಾತಿಗೆ ನಿಲ್ಲದೆ ಹೋಗುವವರಿರುತ್ತಾರಲ್ಲ, ಹಾಗೆ.

ಆಪ್ ಬರೆಯುವವರಿಗೂ ಇಲ್ಲೊಂದು ಶಿಸ್ತಿತ್ತು. ಶೀರ್ಷಿಕೆ ಪಟ್ಟಿ ಬೇಡವೆನ್ನುವುದನ್ನು ಪರದೆಗೆ ಏನನ್ನಾದರೂ ತುಂಬುವ ಮೊದಲೇ ಹೇಳಬೇಕು. ಆಮೇಲೆ ಹೇಳಿದರೆ ಆಪ್ ಅಲ್ಲೇ ಬಿದ್ದುಹೋಗುತ್ತಿತ್ತು. ಎಲ್ಲ ಆಪಿಗೂ ಈ ಸೊಬಗು ಒಪ್ಪುವುದಿಲ್ಲ ಅನ್ನಿ. ಟಿಕೆಟಿನ ಕ್ಯೂಆರ್ ತೋರಿಸಬೇಕಾದ ಆಪು ಪಟ್ಟಿ ಅಡಗಿಸಿಕೊಂಡು ಕೂತರೆ, ರಾಜೀವ್ ಚೌಕದ ಗೇಟಿನಲ್ಲಿ ಹಿಂದಿರುವ ಸಾಲು ನಿಮ್ಮನ್ನು ಸುಮ್ಮನೆ ಬಿಡುವುದಿಲ್ಲ.

ಫುಲ್‌ಸ್ಕ್ರೀನಿನ ಹೆಸರಿನಲ್ಲಿ ನಡೆಯುವ ಅತಿಯಾಸೆಯೂ ಒಂದಿದೆ. ವಿಡಿಯೊಗಳು ಹೆಚ್ಚಾಗಿ 16:9 ಅಳತೆಯವು, ಈಗಿನ ಫೋನುಗಳು ಅದಕ್ಕಿಂತ ಉದ್ದ. ಆ ಕಪ್ಪು ಅಂಚನ್ನೂ ತುಂಬಿಸೋಣವೆಂದು ಎರಡು ಬೆರಳಲ್ಲಿ ಹಿಗ್ಗಿಸಿದರೆ ಮೇಲೆ ಮುಂದಲೆಯ ತುದಿ, ಕೆಳಗೆ ಗೆಜ್ಜೆ ಕಟ್ಟಿದ ಕಾಲು ಎರಡೂ ಕತ್ತರಿಸಿ ಹೋಗುತ್ತವೆ. ಕುಣಿತ ಇರುವುದೇ ಕಾಲಲ್ಲಿ. ದಯವಿಟ್ಟು ಹಿಗ್ಗಿಸಬೇಡಿ.